ಸಾರ್ವಜನಿಕ ಆರೋಗ್ಯ ಸಂಶೋಧನೆಯಲ್ಲಿ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಎಸ್‌ಡಬ್ಲ್ಯು (ಸಮಾಜಕಾರ್ಯ), ನರ್ಸಿಂಗ್, ಮನಃಶಾಸ್ತ್ರ, ಸಂಖ್ಯಾಶಾಸ್ತ್ರ, ದಂತವೈದ್ಯಕೀಯ, ಆಯುರ್ವೇದ ಓದಿದ ಹುಡುಗ ಹುಡುಗಿಯರು ಈ ಕೆಲಸದ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವಕ್ಕೆ ಇಲ್ಲಿ ಉತ್ತರಿಸುವಾಗ ಕಣ್ಣ ಮುಂದೆ ಇಟ್ಟುಕೊಂಡಿರುವುದು ಸ್ನಾತಕೋತ್ತರ ಓದಿಗೇ ಮೀಸಲಾದ, ಇಲ್ಲವೇ ಅದೇ ಮುಖ್ಯವಾದ ಸಂಸ್ಥೆಗಳನ್ನು: ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಕ್ಕೆ ಬೆಂಗಳೂರಿನ ನಿಮ್ಹಾನ್ಸ್, ವೈದ್ಯಕೀಯ ವಿಜ್ಞಾನಕ್ಕೆ ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆ, ಜನಸಂಖ್ಯಾ ಅಧ್ಯಯನಕ್ಕೆ ಮುಂಬೈನ ಐಐಪಿಎಸ್. ನಾನು ಫೀಲ್ಡ್ ಕಡೆಯಿಂದ, ಅಂದರೆ ಊರೂರಿಗೆ ಹೋಗಿ ಮಾಹಿತಿ ತರುವ ಕಡೆಯಿಂದ ಬಂದವಳು, ಹಾಗಾಗಿ ಉತ್ತರಗಳೂ ಸ್ವಲ್ಪ ಆ ಕಡೆಗೇ ವಾಲುತ್ತವೆ.

ಇಲ್ಲಿ ನಿಜಕ್ಕೂ ಏನು ಕೆಲಸ? ಲ್ಯಾಬಾ?

ಹೆಚ್ಚಿನ ಪಾಲು ಲ್ಯಾಬ್ ಅಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಒಬ್ಬ ರೋಗಿಯನ್ನು ನೋಡುತ್ತಾರೆ. ಇಲ್ಲಿ ಇಡೀ ತಾಲ್ಲೂಕನ್ನೋ ಜಿಲ್ಲೆಯನ್ನೋ ನೋಡುತ್ತಾರೆ. ಎಷ್ಟು ಜನಕ್ಕೆ ಬಿಪಿ ಇದೆ, ಅವರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿದೆ, ಗೊತ್ತಿದ್ದವರಲ್ಲಿ ಎಷ್ಟು ಮಂದಿ ಮಾತ್ರೆ ನುಂಗುತ್ತಾರೆ, ನುಂಗದವರು ಯಾಕೆ ನುಂಗುವುದಿಲ್ಲ. ಇದನ್ನು ತಿಳಿಯಲು ಯಾರಾದರೂ ಮನೆ ಮನೆಗೆ ಹೋಗಿ ಕೇಳಬೇಕು. ಕೇಳಿದ್ದನ್ನು ಸರಿಯಾಗಿ ಬರೆದುಕೊಳ್ಳಬೇಕು. ಬರೆದದ್ದನ್ನು ಲೆಕ್ಕ ಹಾಕಬೇಕು. ಆಮೇಲೆ ಅದನ್ನು ಸರ್ಕಾರಕ್ಕೆ ಅರ್ಥವಾಗುವ ಹಾಗೆ ಹೇಳಬೇಕು. ಈ ನಾಲ್ಕು ಕಡೆಯೂ ಕೆಲಸಗಳಿವೆ.

ಎಂಬಿಬಿಎಸ್ ಆಗಿರಲೇಬೇಕಾ?

ಬೇಕಿಲ್ಲ. ಪ್ರಾಜೆಕ್ಟಿನ ಮುಖ್ಯಸ್ಥರು ಸಾಮಾನ್ಯವಾಗಿ ಡಾಕ್ಟರೇ ಆಗಿರುತ್ತಾರೆ, ಅದು ನಿಜ. ಆದರೆ ಅವರ ಕೆಳಗಿನ ತಂಡದಲ್ಲಿ ಎಲ್ಲ ಬಗೆಯ ಓದಿನವರೂ ಇರುತ್ತಾರೆ. ಸಮಾಜಕಾರ್ಯ ಓದಿದವರು ಫೀಲ್ಡ್ ನಡೆಸುತ್ತಾರೆ, ಸಂಖ್ಯಾಶಾಸ್ತ್ರದವರು ಡೇಟಾ ನೋಡಿಕೊಳ್ಳುತ್ತಾರೆ, ನರ್ಸಿಂಗ್ ಓದಿದವರು ರಕ್ತ, ಬಿಪಿ, ತೂಕ ನೋಡುತ್ತಾರೆ.

ಡಾಕ್ಟರ್ ಅಲ್ಲದವರಿಗೆ ಒಂದು ಮೆಟ್ಟಿಲು ಕೆಳಗೆ ಅನ್ನಿಸುವುದಿಲ್ಲವೇ? ಅನ್ನಿಸುತ್ತದೆ. ವೈದ್ಯಕೀಯ ಸಂಸ್ಥೆಗಳಲ್ಲಿ ಯಾರು ಯಾರಿಗೆ ಸರ್ ಅನ್ನಬೇಕು ಅನ್ನುವುದು ಗೋಡೆಯ ಮೇಲೆ ಬರೆದಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಒಂದೇ ಕೆಲಸಕ್ಕೆ ಸಂಬಳದಲ್ಲೂ ವ್ಯತ್ಯಾಸ ಇದೆ.

ಹುದ್ದೆಗಳು ಯಾವುವು? ಸಂಬಳ ಎಷ್ಟು?

ದುಡ್ಡು ಕೊಡುವವರು ಯಾರು ಅನ್ನುವುದರ ಮೇಲೆ ನಿಂತಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದುಡ್ಡಿನ ಪ್ರಾಜೆಕ್ಟ್ ಆದರೆ ದರ ಮೊದಲೇ ನಿಗದಿಯಾಗಿರುತ್ತದೆ. 2023ರಲ್ಲಿ ಬಂದ ದರಗಳ ಪ್ರಕಾರ ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್ 1 ಅನ್ನುವ ಹುದ್ದೆಗೆ ತಿಂಗಳಿಗೆ 18,000 ರೂಪಾಯಿ, 2ಕ್ಕೆ 20,000, 3ಕ್ಕೆ 28,000. ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್ 1ಕ್ಕೆ 56,000, ಅದೇ ಹುದ್ದೆಯಲ್ಲಿ ಡಾಕ್ಟರಿದ್ದರೆ 67,000. ಇದರ ಮೇಲೆ ಊರಿಗೆ ತಕ್ಕಂತೆ ಮನೆ ಬಾಡಿಗೆ ಭತ್ಯೆ. ಪಿಎಚ್‌ಡಿಗೆ ಸೇರಿ ಫೆಲೋಶಿಪ್ ಸಿಕ್ಕರೆ ಮೊದಲ ಹಂತದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) 37,000, ಮುಂದಿನ ಹಂತದ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) 42,000. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಅರ್ಜಿ ಹಾಕುವ ಮುಂಚೆ ಆ ಜಾಹೀರಾತಿನಲ್ಲಿ ಎಷ್ಟಿದೆ ಅಂತ ನೋಡಿಕೊಳ್ಳಿ.

ವಿದೇಶಿ ದುಡ್ಡಿನ ಪ್ರಾಜೆಕ್ಟಿನಲ್ಲಿ ಸ್ವಲ್ಪ ಜಾಸ್ತಿ ಸಿಗಬಹುದು. ಆದರೆ ಅವು ಶುರುವಾಗುವುದು ತಡವಾಗುತ್ತದೆ. ಹೊರದೇಶದ ಸಂಸ್ಥೆ ಜೊತೆಗೂಡುವ ಆರೋಗ್ಯ ಸಂಶೋಧನೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆ ಪಡೆಯಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಸೆಲೆಕ್ಟ್ ಆಗಿದ್ದೀರಿ ಅಂತ ಫೋನ್ ಬಂತು ಅಂತ ಈಗಿರುವ ಕೆಲಸ ಬಿಟ್ಟುಬಿಡಬೇಡಿ. ಆದೇಶದ ಪತ್ರ ಕೈಗೆ ಬರಲಿ.

ಹುದ್ದೆಯ ಹೆಸರಿಗೂ ಮಾಡುವ ಕೆಲಸಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ರಿಸರ್ಚ್ ಅಸಿಸ್ಟೆಂಟ್ ಅಂತ ಸೇರಿ ಬಿಲ್ಲು, ವೋಚರು, ಗಾಡಿ ಬುಕಿಂಗ್ ನೋಡಿಕೊಂಡು ಒಂದು ವರ್ಷ ಕಳೆದವರಿದ್ದಾರೆ. ಸಂದರ್ಶನದಲ್ಲಿ "ಫೀಲ್ಡ್ ಎಷ್ಟು ದಿನ, ಆಫೀಸ್ ಎಷ್ಟು ದಿನ" ಅಂತ ನೇರವಾಗಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ವಾಕ್-ಇನ್ ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಬೆಳಿಗ್ಗೆ ಬೇಗ ಹೋಗಿ ಟೋಕನ್ ತಗೊಂಡು, ದಾಖಲೆ ಪರಿಶೀಲನೆಗೆ ಕಾದು, ಮಧ್ಯಾಹ್ನ ಒಳಗೆ ಹೋದರೆ ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ. ಪ್ರಿವಲೆನ್ಸ್ ಮತ್ತು ಇನ್ಸಿಡೆನ್ಸ್‌ಗೆ ವ್ಯತ್ಯಾಸ ಏನು ಅನ್ನುವ ಪ್ರಶ್ನೆ ತಪ್ಪುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಈಗ ಎಷ್ಟು ಜನಕ್ಕೆ ಇದೆ ಅನ್ನುವುದು ಮೊದಲನೆಯದು, ಈ ವರ್ಷ ಹೊಸದಾಗಿ ಎಷ್ಟು ಜನಕ್ಕೆ ಬಂತು ಅನ್ನುವುದು ಎರಡನೆಯದು. ಆಮೇಲೆ ನಿಮ್ಮ ಡಿಸರ್ಟೇಷನ್ ಬಗ್ಗೆ. ಅದನ್ನು ನೀವೇ ಮಾಡಿದ್ದೀರಾ, ಎಲ್ಲಿಂದಲೋ ಎತ್ತಿದ್ದಾ ಅನ್ನುವುದು ಎರಡು ಪ್ರಶ್ನೆಯಲ್ಲಿ ಗೊತ್ತಾಗಿಬಿಡುತ್ತದೆ. ಕೊನೆಗೆ ಕನ್ನಡ ಓದಲು ಬರೆಯಲು ಬರುತ್ತದೆಯಾ, ಬೇರೆ ಜಿಲ್ಲೆಗೆ ಹೋಗಿ ಉಳಿಯುತ್ತೀರಾ. ಈ ಎರಡಕ್ಕೂ ಹೌದು ಅಂದವರಿಗೆ ಫೀಲ್ಡ್ ಹುದ್ದೆ ಸಿಗುವ ಸಾಧ್ಯತೆ ಜಾಸ್ತಿ.

ಎಂಪಿಎಚ್ ಮಾಡಿಕೊಂಡೇ ಬರಬೇಕಾ?

ಎಂಪಿಎಚ್ ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಶುರುವಿಗೆ ಬೇಡ. ಮೊದಲು ಒಂದು ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿ, ಇದು ನಿಮಗೆ ಒಗ್ಗುತ್ತದೆಯಾ ನೋಡಿ, ಆಮೇಲೆ ಎಂಪಿಎಚ್‌ಗೆ ದುಡ್ಡು ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಭಾರತದಲ್ಲಿ ಎಂಪಿಎಚ್ ಅನ್ನುವ ಪದವಿ ಗಟ್ಟಿಯಾಗಿ ನೆಲೆಯೂರಿದ್ದು 1997ರಲ್ಲಿ ಶ್ರೀ ಚಿತ್ರದ ಅಚ್ಯುತ ಮೆನನ್ ಕೇಂದ್ರದಲ್ಲಿ. ಈಗ ನಿಮ್ಹಾನ್ಸ್‌ನಲ್ಲಿದೆ, ಮಣಿಪಾಲದಲ್ಲಿದೆ, ಮೈಸೂರಿನ ಜೆಎಸ್‌ಎಸ್‌ನಲ್ಲಿದೆ. ಖಾಸಗಿ ಕಾಲೇಜುಗಳ ಫೀಸಿಗೂ ಪ್ರಾಜೆಕ್ಟ್ ಕೆಲಸದ ಸಂಬಳಕ್ಕೂ ತಾಳೆ ಹಾಕಿ ನೋಡಿ. ಸಾಲ ಮಾಡಿ ಓದುವವರಂತೂ ಎರಡು ಸಲ ನೋಡಿ.

ಫೀಲ್ಡ್ ಅಂದರೆ ದಿನ ಹೇಗಿರುತ್ತದೆ?

ಹಳ್ಳಿಯನ್ನು ನೀವು ಆರಿಸುವುದಿಲ್ಲ. ಜನಗಣತಿಯ ಪಟ್ಟಿಯಿಂದ ಲಾಟರಿ ಥರ ಆರಿಸಿ ಕೊಟ್ಟಿರುತ್ತಾರೆ. ದೊಡ್ಡ ಹಳ್ಳಿಗೆ ಆಯ್ಕೆಯಾಗುವ ಅವಕಾಶ ಹೆಚ್ಚು, ಚಿಕ್ಕದಕ್ಕೆ ಕಡಿಮೆ. ಬಸ್ ಇಲ್ಲದ ಊರೇ ಬಂತು ಅಂತ ಪಕ್ಕದ ಊರಿಗೆ ಹೋಗುವ ಹಾಗಿಲ್ಲ.

ಮೊದಲ ದಿನ ಪ್ರಶ್ನೆ ಕೇಳುವ ಮಾತೇ ಇಲ್ಲ. ಪಂಚಾಯಿತಿಗೆ ಹೋಗಿ ಪಿಡಿಒಗೆ ಪತ್ರ ಕೊಡಬೇಕು. ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಗೆ ಇನ್ನೊಂದು. ಆಮೇಲೆ ಆಶಾ ಕಾರ್ಯಕರ್ತೆಯನ್ನು ಹುಡುಕಬೇಕು. ಇಡೀ ಊರಿನಲ್ಲಿ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಬೆಂಗಳೂರಿಗೆ ಹೋಗಿದ್ದಾರೆ, ಯಾವ ಮನೆಗೆ ಬೀಗ ಬಿದ್ದು ಎಷ್ಟು ವರ್ಷವಾಯಿತು ಅನ್ನುವುದು ಆಕೆಯ ಬಾಯಿತುದಿಯಲ್ಲಿರುತ್ತದೆ. ಆಕೆಗೆ ಅವತ್ತು ಲಸಿಕೆ ಕೆಲಸ ಇದ್ದರೆ ನೀವು ಕಾಯಬೇಕು. ಆಕೆಯ ಸಮಯಕ್ಕೆ ನಿಮ್ಮ ಪ್ರಾಜೆಕ್ಟ್ ದುಡ್ಡು ಕೊಡುತ್ತದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಎಷ್ಟೋ ಪ್ರಾಜೆಕ್ಟುಗಳಲ್ಲಿ ಆ ಸಾಲು ಬಜೆಟ್ಟಿನಲ್ಲೇ ಇರುವುದಿಲ್ಲ. ಅದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಆಮೇಲೆ ಊರಿನ ನಕ್ಷೆ. ದೇವಸ್ಥಾನ, ಶಾಲೆ, ನೀರಿನ ಟ್ಯಾಂಕ್, ಹಾಲಿನ ಡೇರಿ ಗುರುತು ಹಾಕಿ, ಬೀದಿ ಬೀದಿ ನಡೆದು, ಪ್ರತಿ ಮನೆಗೆ ನಂಬರ್ ಕೊಡಬೇಕು. ಊರಾಚೆಯ ಕಾಲೋನಿ, ತೋಟದ ಮನೆ, ಇಟ್ಟಿಗೆ ಗೂಡಿನ ಪಕ್ಕದ ಗುಡಿಸಲು, ಕಟ್ಟಡ ಕೆಲಸದವರ ಶೆಡ್ಡು ಎಲ್ಲ ಸೇರಬೇಕು. ಬಿಟ್ಟುಹೋಗುವುದು ಯಾವಾಗಲೂ ಇವೇ. ನಕ್ಷೆಯಲ್ಲಿ ಬಿಟ್ಟುಹೋದ ಮನೆ ಪಟ್ಟಿಗೂ ಬರುವುದಿಲ್ಲ, ಸ್ಯಾಂಪಲ್‌ಗೂ ಬರುವುದಿಲ್ಲ, ಕೊನೆಗೆ ವರದಿಗೂ ಬರುವುದಿಲ್ಲ. ಅವರಿಗೆ ಕಾಯಿಲೆಯೇ ಇಲ್ಲ ಅಂತ ಲೆಕ್ಕವಾಗುತ್ತದೆ.

ಪಟ್ಟಿ ಆದ ಮೇಲೆ ಅದರಿಂದ ಕೆಲವೇ ಮನೆಗಳನ್ನು ಆರಿಸುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಕ್ಲಸ್ಟರ್‌ಗೆ, ಅಂದರೆ ಆರಿಸಿದ ಒಂದು ಹಳ್ಳಿಗೋ ಬಡಾವಣೆಗೋ, 22 ಮನೆ. ಹೀಗೆ ಇಪ್ಪತ್ತೆರಡಿಪ್ಪತ್ತೆರಡು ಸೇರಿಯೇ 2019-21ರ ಐದನೇ ಸುತ್ತಿನಲ್ಲಿ ದೇಶದ 6,36,699 ಮನೆ, 7,24,115 ಮಹಿಳೆಯರ ಸಂದರ್ಶನ ಆಯಿತು. ಅದನ್ನು ನಡೆಸುವ ಹೊಣೆ ಮುಂಬೈನ ಐಐಪಿಎಸ್‌ನದು.

ಸಂದರ್ಶನ ನಿಜವಾಗಿ ನಡೆಯುವುದು ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ. ಹಗಲೆಲ್ಲ ಜನ ಹೊಲದಲ್ಲಿ, ಗಾರ್ಮೆಂಟ್ಸ್‌ನಲ್ಲಿ ಇರುತ್ತಾರೆ. ಕೊಯ್ಲಿನ ಕಾಲ, ಜಾತ್ರೆ, ಗ್ರಾಮ ಪಂಚಾಯಿತಿ ಚುನಾವಣೆ, ಈ ಮೂರರಲ್ಲಿ ಯಾವುದು ಬಂದರೂ ಕೆಲಸ ನಿಂತಿತು ಅಂತಲೇ ತಿಳಿಯಿರಿ. ಬೆಂಗಳೂರಿನಲ್ಲಿ ಕೂತು ಟೈಮ್‌ಲೈನ್ ಬರೆಯುವವರಿಗೆ ಇದು ಹೊಳೆಯುವುದಿಲ್ಲ.

ಮನೆಯಲ್ಲಿ ಯಾರು ಸಿಗುತ್ತಾರೋ ಅವರನ್ನೇ ಕೇಳಿದರೆ ಆಗಲ್ವಾ?

ಆಗುವುದಿಲ್ಲ. ಹಗಲು ಹೊತ್ತು ಮನೆಯಲ್ಲಿ ಸಿಗುವವರು ವಯಸ್ಸಾದವರು, ಬಾಣಂತಿಯರು, ಹುಷಾರಿಲ್ಲದವರು. ಅವರನ್ನೇ ಕೇಳಿ ಮುಗಿಸಿದರೆ ಇಡೀ ಜಿಲ್ಲೆಗೇ ಹುಷಾರಿಲ್ಲ ಅನ್ನುವ ವರದಿ ಬರುತ್ತದೆ. ಕುಡಿತದ ಬಗ್ಗೆ ಅಧ್ಯಯನ ಮಾಡಿದರೆ ಊರಿನಲ್ಲಿ ಯಾರೂ ಕುಡಿಯುವುದೇ ಇಲ್ಲ ಅಂತ ಬಂದರೂ ಬಂತು.

ಅದಕ್ಕೇ ಮನೆಯೊಳಗೂ ಒಬ್ಬರನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಮೊದಲು ಇದಕ್ಕೆ ಕಿಶ್ ಗ್ರಿಡ್ ಅನ್ನುವ ಕೋಷ್ಟಕ ಬಳಸುತ್ತಿದ್ದರು, ಈಗ ಟ್ಯಾಬ್ ತಾನೇ ಆರಿಸುತ್ತದೆ. ಆಯ್ಕೆಯಾದವನು ಲಾರಿ ಡ್ರೈವರ್, ಶುಕ್ರವಾರ ರಾತ್ರಿ ಬರುತ್ತಾನೆ ಅಂದರೆ ಶನಿವಾರ ಬೆಳಿಗ್ಗೆ ಮತ್ತೆ ಹೋಗಬೇಕು. "ಅವನದೂ ನಾನೇ ಹೇಳ್ತೀನಿ ಬರ್ಕೊಳ್ಳಿ" ಅಂತ ಅಮ್ಮ ಪ್ರೀತಿಯಿಂದ ಹೇಳುತ್ತಾರೆ. ಬರೆದುಕೊಳ್ಳುವ ಹಾಗಿಲ್ಲ. ಹೇಳಿದಷ್ಟು ಸಲ ಹೋಗಿಯೂ ಸಿಗದಿದ್ದರೆ ಸಿಗಲಿಲ್ಲ ಅಂತ ಬರೆಯಬೇಕೇ ಹೊರತು ಅವನ ಬದಲು ತಮ್ಮನನ್ನು ಕೂರಿಸುವಂತಿಲ್ಲ.

ಬಿಪಿ ನೋಡುವುದಕ್ಕೂ ತರಬೇತಿ ಬೇಕಾ? ಮಷಿನ್ ಇದೆಯಲ್ಲ?

ಮಷಿನ್ ಇದೆ, ಆದರೆ ಅದು ಕೈಗೆ ಕಟ್ಟಿದಾಗ ಏನಿದೆಯೋ ಅದನ್ನು ತೋರಿಸುತ್ತದೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಸ್ಟೆಪ್ಸ್ ಅನ್ನುವ ಸಮೀಕ್ಷೆ ಪದ್ಧತಿಯಲ್ಲಿ ವ್ಯಕ್ತಿ 15 ನಿಮಿಷ ಸುಮ್ಮನೆ ಕೂತಿರಬೇಕು. ಕಾಲ ಮೇಲೆ ಕಾಲು ಹಾಕಬಾರದು, ಪಾದ ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟಕ್ಕೆ ಇರಬೇಕು. ಮೂರು ಸಲ ನೋಡಬೇಕು, ನಡುವೆ 3 ನಿಮಿಷ ಬಿಡಬೇಕು. ಲೆಕ್ಕಕ್ಕೆ ತಗೊಳ್ಳುವುದು ಎರಡನೆಯ ಮತ್ತು ಮೂರನೆಯದರ ಸರಾಸರಿ. ಮೊದಲನೆಯದು ಗಾಬರಿಯ ಬಿಪಿ, ಅದನ್ನು ಬಿಡುತ್ತಾರೆ.

ಈಗ ಇದನ್ನು ಒಂದು ಹಳ್ಳಿ ಮನೆಯ ಜಗುಲಿಯಲ್ಲಿ ಮಾಡಿ ನೋಡಿ. ಕುರ್ಚಿ ಇರುವುದು ಒಂದೇ, ಅದನ್ನು ನಿಮಗೇ ಕೊಟ್ಟಿರುತ್ತಾರೆ. ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬೇಕು. ಅಜ್ಜಿಯ ಕಾಲು ನೆಲಕ್ಕೆ ತಾಗುವುದಿಲ್ಲ, ಒಂದು ಮಣೆ ತರಿಸಬೇಕು. ತೋಳಿಗೆ ಬಿಪಿ ಪಟ್ಟಿ ಕಟ್ಟಿದ ಕೂಡಲೇ ಸೊಸೆ ಕಾಫಿ ತರುತ್ತಾಳೆ. ಬಿಪಿ ಆಗುವವರೆಗೂ ಕುಡಿಯಬೇಡಿ ಅಂದರೆ ಬೇಜಾರು. ಮೂರನೆಯ ಸಲ ನೋಡುವಾಗ ಪಕ್ಕದ ಮನೆಯವರು ಬಂದು "ನಂದೂ ಒಸಿ ನೋಡಿ" ಅನ್ನುತ್ತಾರೆ, ಅಜ್ಜಿ ಅವರ ಜೊತೆ ಮಾತಿಗೆ ಶುರು ಹಚ್ಚಿಕೊಳ್ಳುತ್ತಾರೆ, ಬಿಪಿ ಏರುತ್ತದೆ. ಇದನ್ನೆಲ್ಲ ನಗುನಗುತ್ತಾ ಸಂಭಾಳಿಸುವುದೇ ನಿಜವಾದ ತರಬೇತಿ. ಪಕ್ಕದ ಮನೆಯವರದನ್ನೂ ನೋಡಿ, ಹೇಳಿ ಬನ್ನಿ. ಫಾರಂನಲ್ಲಿ ಬರೆಯಬೇಡಿ ಅಷ್ಟೇ.

"ಇದರಿಂದ ನಮಗೇನು ಸಿಗುತ್ತೆ?" ಅಂತ ಜನ ಕೇಳಿದರೆ?

ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ರೇಷನ್ ಕಾರ್ಡ್, ಪೆನ್ಷನ್, ಗ್ಯಾರಂಟಿ ಯೋಜನೆಯವರು ಅಂತ ತಿಳಿದು ಬಾಗಿಲು ತೆಗೆಯುವವರು ಹೆಚ್ಚು. ಅಲ್ಲ ಅಂತ ಮೊದಲ ವಾಕ್ಯದಲ್ಲೇ ಹೇಳಿಬಿಡಿ. "ನಿಮಗೆ ನೇರವಾಗಿ ಏನೂ ಸಿಗುವುದಿಲ್ಲ. ಬಿಪಿ, ಶುಗರ್ ಎಷ್ಟಿದೆ ಅಂತ ಇವತ್ತೇ ಹೇಳುತ್ತೇವೆ. ಜಾಸ್ತಿ ಇದ್ದರೆ ಎಲ್ಲಿಗೆ ಹೋಗಬೇಕು ಅಂತ ಚೀಟಿ ಕೊಡುತ್ತೇವೆ" ಅಂದರೆ ಸಾಕು. ಸುಳ್ಳು ಆಸೆ ತೋರಿಸಿ ಉತ್ತರ ಪಡೆದರೆ ಮುಂದಿನ ಸಲ ಆ ಊರಿಗೆ ಹೋಗುವ ತಂಡಕ್ಕೆ ಬಾಗಿಲೇ ತೆರೆಯುವುದಿಲ್ಲ.

ಈ ಸಂಶೋಧನೆಗಳಿಂದ ಯಾವತ್ತಾದರೂ ಏನಾದರೂ ಬದಲಾಗಿದೆಯಾ?

ಆಗಿದೆ. ಮೂರು ಉದಾಹರಣೆ ನಮ್ಮ ರಾಜ್ಯದ್ದೇ ಕೊಡುತ್ತೇನೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಹಳ್ಳಿಯ ಜನಕ್ಕೆ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ, ಹಾಗಾಗಿ ಎಕ್ಸ್‌ರೇ ಗಾಡಿ ತಗೊಂಡು ನಾವೇ ಹೋಗಬೇಕು ಅನ್ನುವ ನಂಬಿಕೆ ಆಗ ಬಲವಾಗಿತ್ತು. ಆ ಸಂಸ್ಥೆಯ ಸಂಶೋಧಕರಾದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಕ್ಷಯ ಇರುವವರನ್ನು ಮಾತಾಡಿಸಿದರು. ಹೆಚ್ಚಿನವರಿಗೆ ತಮಗೆ ಏನೋ ಆಗಿದೆ ಅನ್ನುವುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು! ಅಂದರೆ ಜನ ಬರುತ್ತಿದ್ದರು, ಕಂಡುಹಿಡಿಯುತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಈ ಕೆಲಸ ದೇಶದ ಕ್ಷಯರೋಗ ಕಾರ್ಯಕ್ರಮದ ದಾರಿಗೆ ಆಧಾರವಾಯಿತು. ಕೆಮ್ಮು ಅಂತ ಸಾಮಾನ್ಯ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲೇ ಪರೀಕ್ಷೆ ಮಾಡಿ ಅನ್ನುವ ದಾರಿ ಅದು. ಯಾರೋ ಒಬ್ಬರು ತುಮಕೂರಿನ ಹಳ್ಳಿಯ ಬಾಗಿಲಲ್ಲಿ ನಿಂತು "ಇದಕ್ಕೆ ಮುಂಚೆ ಎಲ್ಲಾದರೂ ತೋರಿಸಿದ್ರಾ?" ಅಂತ ಕೇಳಿದ್ದರಿಂದ ಇದು ಗೊತ್ತಾದದ್ದು.

ಎರಡನೆಯದು ಬಳ್ಳಾರಿ. 1985ರಿಂದ ನಿಮ್ಹಾನ್ಸ್ ಅಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡುವುದು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮುಂದಿಟ್ಟುಕೊಂಡದ್ದು ಈ ಬಳ್ಳಾರಿ ಮಾದರಿಯನ್ನೇ.

ಮೂರನೆಯದು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಆ ಪುಸ್ತಕ ಹಿಡಿದು, ಮೈಸೂರಿನ ಬೀದಿಗಳಲ್ಲಿ ಅದೇ ಮಕ್ಕಳನ್ನು ಹುಡುಕಿದರು. ಅವರಿಗೆ ಆಗ ನಡುವಯಸ್ಸು ದಾಟಿತ್ತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಇದು ಪ್ರಕಟವಾಯಿತು. ರಿಜಿಸ್ಟರ್ ತುಂಬುವುದು ಬೋರು ಅನ್ನುವ ಹೊಸಬರಿಗೆ ನಾನು ಈ ಕತೆ ಹೇಳುತ್ತೇನೆ. ಆ ತೂಕ ಬರೆದ ನರ್ಸ್‌ಗಳಿಗೆ ಮುಂದೆ ಯಾರಿಗೆ ಬೇಕಾಗುತ್ತದೆ ಅಂತ ಏನು ಗೊತ್ತಿತ್ತು?

ಒಪ್ಪಿಗೆ ಪತ್ರ ಅಂದರೆ ಸಹಿ ಹಾಕಿಸಿಕೊಂಡರೆ ಆಯಿತಲ್ವಾ?

ಸಹಿ ಕೊನೆಯ ಹೆಜ್ಜೆ. ಐಸಿಎಂಆರ್ 2017ರಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಅಧ್ಯಯನ ಏನು, ಎಷ್ಟು ಹೊತ್ತು ಹಿಡಿಯುತ್ತದೆ, ತೊಂದರೆ ಏನಿರಬಹುದು, ಬೇಡ ಅನ್ನುವ ಹಕ್ಕಿದೆ, ನಡುವೆಯೂ ಬಿಡಬಹುದು ಅನ್ನುವುದನ್ನೆಲ್ಲ ಅವರ ಭಾಷೆಯಲ್ಲಿ ಹೇಳಬೇಕು. ಮಾಹಿತಿ ಪತ್ರದ ಒಂದು ಪ್ರತಿ ಅವರ ಕೈಯಲ್ಲಿ ಉಳಿಯಬೇಕು. ಓದಲು ಬಾರದವರಾದರೆ ಹೆಬ್ಬೆಟ್ಟಿನ ಜೊತೆಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಬೇಕು. 18 ತುಂಬದವರಾದರೆ ತಂದೆ ತಾಯಿಯ ಒಪ್ಪಿಗೆ, ಜೊತೆಗೆ ಮಗುವಿನ ಒಪ್ಪಿಗೆಯೂ.

ಹೆಬ್ಬೆಟ್ಟು ಅಂದ ಕೂಡಲೇ ನಮ್ಮ ಜನಕ್ಕೆ ಜಮೀನು ಪತ್ರ ನೆನಪಾಗುತ್ತದೆ. ಹೆದರುವುದು ಸಹಜ. ಅವಸರ ಮಾಡಬೇಡಿ. "ಮಗ ಬರಲಿ, ಓದಿಸಿ ಆಮೇಲೆ ಹೇಳ್ತೀನಿ" ಅಂದರೆ ಪತ್ರ ಕೊಟ್ಟು ನಾಳೆ ಬನ್ನಿ. ಅತ್ತೆ ಒಪ್ಪಿದರು ಅಂತ ಸೊಸೆ ಒಪ್ಪಿದ ಹಾಗಲ್ಲ, ಅದನ್ನೂ ಗಮನಿಸಿ.

ಸಂದರ್ಶನದ ನಡುವೆ ಯಾರಾದರೂ "ಬದುಕೋದೇ ಬೇಡ ಅನ್ನಿಸುತ್ತೆ" ಅಂದರೆ?

ಮಾನಸಿಕ ಆರೋಗ್ಯದ ಪ್ರಾಜೆಕ್ಟಿಗೆ ಸೇರುವವರು ಈ ಪ್ರಶ್ನೆಯನ್ನು ತರಬೇತಿಯ ಮೊದಲ ದಿನವೇ ಕೇಳಬೇಕು. ಉತ್ತರ ತಯಾರಿಲ್ಲದ ತಂಡದ ಜೊತೆ ಫೀಲ್ಡ್‌ಗೆ ಇಳಿಯಬೇಡಿ.

ಟ್ಯಾಬ್ ಪಕ್ಕಕ್ಕಿಡಿ. ಮುಂದಿನ ಪ್ರಶ್ನೆಗೆ ಹೋಗಬೇಡಿ. ಕೇಳಿಸಿಕೊಳ್ಳಿ, ಬುದ್ಧಿ ಹೇಳಬೇಡಿ. ಸೂಪರ್‌ವೈಸರ್‌ಗೆ ಆಗಲೇ ಫೋನ್ ಮಾಡಿ. ತಕ್ಷಣದ ಅಪಾಯ ಇದೆ ಅನ್ನಿಸಿದರೆ ಅವರನ್ನು ಒಬ್ಬರೇ ಬಿಟ್ಟು ಹೊರಡಬೇಡಿ. ಎಲ್ಲರಿಗೂ ಗೋಪ್ಯತೆಯ ಮಾತು ಕೊಟ್ಟಿರುತ್ತೇವೆ, ಆದರೆ ಜೀವಕ್ಕೆ ಅಪಾಯ ಇದ್ದಾಗ ಏನು ಮಾಡುತ್ತೇವೆ ಅನ್ನುವುದನ್ನೂ ಒಪ್ಪಿಗೆ ಪಡೆಯುವಾಗಲೇ ಹೇಳಿರಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ನಿಮ್ಹಾನ್ಸ್. ನಂಬರನ್ನು ಚೀಟಿಯಲ್ಲಿ ಬರೆದು ಕೊಡಿ.

ರಾತ್ರಿ ಆ ಮುಖವೇ ನಿಮ್ಮ ಕಣ್ಣ ಮುಂದೆ ಬಂದರೆ ಅದೂ ಸಹಜವೇ. ಅದೇ ನಂಬರ್ ನಿಮಗೂ ಇದೆ.

ಸತ್ತವರ ಮನೆಗೂ ಹೋಗಿ ಕೇಳಬೇಕಂತೆ, ನಿಜವಾ?

ನಿಜ. ನಮ್ಮಲ್ಲಿ ಎಷ್ಟೋ ಸಾವುಗಳು ಮನೆಯಲ್ಲೇ ಆಗುತ್ತವೆ, ಡಾಕ್ಟರ್ ಬರೆದ ಕಾರಣ ಇರುವುದಿಲ್ಲ. ಹಾಗಾಗಿ ಮನೆಯವರನ್ನೇ ಕೇಳಿ, ಕೊನೆಯ ದಿನಗಳಲ್ಲಿ ಏನೇನಾಯಿತು ಅಂತ ಬರೆದುಕೊಂಡು, ಆಮೇಲೆ ಡಾಕ್ಟರುಗಳು ಅದನ್ನು ಓದಿ ಕಾರಣ ಗೊತ್ತುಮಾಡುತ್ತಾರೆ. ವರ್ಬಲ್ ಅಟಾಪ್ಸಿ ಅನ್ನುತ್ತಾರೆ. ತಿಥಿ ಆಗುವ ಮುಂಚೆ ಹೋಗಬೇಡಿ. ನೀರು ಕೊಟ್ಟರೆ ಕುಡಿಯಿರಿ. ಅವರು ಅತ್ತರೆ ನೀವು ಮಾಡಬೇಕಾದ್ದು ಏನೂ ಇಲ್ಲ, ಕೂತಿರಿ.

ಹೆಣ್ಣುಮಕ್ಕಳಿಗೆ ಫೀಲ್ಡ್ ಸುರಕ್ಷಿತವಾ?

ಬಹಳ ಮಟ್ಟಿಗೆ ಹೌದು, ಸಂಸ್ಥೆ ತನ್ನ ಕೆಲಸ ಮಾಡಿದರೆ. ಇಬ್ಬಿಬ್ಬರಾಗಿ ಕಳಿಸಬೇಕು, ಸಂಜೆ ಸಂದರ್ಶನಕ್ಕೆ ಗಾಡಿ ಕೊಡಬೇಕು, ಉಳಿಯುವ ಜಾಗವನ್ನು ಮೊದಲೇ ಯಾರಾದರೂ ನೋಡಿ ಬಂದಿರಬೇಕು. ಊರಿನ ಜನಕ್ಕಿಂತ ಜಾಸ್ತಿ ಕಾಡುವುದು ಶೌಚಾಲಯದ ತೊಂದರೆ. ಇದನ್ನು ಯಾವ ತರಬೇತಿ ಪುಸ್ತಕವೂ ಬರೆಯುವುದಿಲ್ಲ. ಆರೋಗ್ಯ ಕೇಂದ್ರ, ಅಂಗನವಾಡಿ, ಆಶಾ ಮನೆ ಎಲ್ಲಿದೆ ಅಂತ ನಕ್ಷೆಯಲ್ಲೇ ಗುರುತು ಹಾಕಿಕೊಳ್ಳಿ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಆಫೀಸಿನ ನಾಲ್ಕು ಗೋಡೆಗೆ ಮಾತ್ರ ಅಲ್ಲ. ಕೆಲಸದ ಮೇಲೆ ಹೋದ ಜಾಗ, ಸಂಸ್ಥೆ ಕೊಟ್ಟ ಗಾಡಿ ಎರಡೂ ಅದರೊಳಗೆ ಬರುತ್ತವೆ. ಗುತ್ತಿಗೆಯವರಿಗೂ ಅನ್ವಯಿಸುತ್ತದೆ. ಇಂಥ ದೂರು ಕೇಳುವ ಸಮಿತಿಯ ಸದಸ್ಯರ ಹೆಸರು ಸೇರಿದ ವಾರವೇ ಕೇಳಿಟ್ಟುಕೊಳ್ಳಿ.

ಮನೆಗೆ ಹೋಗದೆ ಫಾರಂ ತುಂಬಿದರೆ ಯಾರಿಗೆ ಗೊತ್ತಾಗುತ್ತೆ?

ಗೊತ್ತಾಗುತ್ತದೆ. ಜಿಪಿಎಸ್, ಸಂದರ್ಶನಕ್ಕೆ ಹಿಡಿದ ಸಮಯ ಎಲ್ಲ ಟ್ಯಾಬಿನಲ್ಲಿ ದಾಖಲಾಗಿರುತ್ತದೆ. ಸೂಪರ್‌ವೈಸರ್ ಕೆಲವು ಮನೆಗೆ ಮತ್ತೆ ಹೋಗಿ ಬರುತ್ತಾರೆ. ಅದೆಲ್ಲ ಇಲ್ಲದಿದ್ದರೂ ಅಂಕಿಗಳೇ ಹೇಳಿಬಿಡುತ್ತವೆ. ಕೂತಲ್ಲೇ ಬರೆದ ಬಿಪಿ 120, 130, 140 ಅಂತ ಸೊನ್ನೆಯಲ್ಲೇ ಮುಗಿಯುತ್ತದೆ. ಯಂತ್ರ ಹಾಗೆ ಹೇಳುವುದಿಲ್ಲ. ಡೇಟಾ ನೋಡುವವರು ಒಬ್ಬೊಬ್ಬರ ಫಾರಂಗಳನ್ನು ಬೇರೆ ಬೇರೆ ಮಾಡಿ ಕೊನೆಯ ಅಂಕಿ ಎಣಿಸಿದರೆ ಹತ್ತು ನಿಮಿಷದ ಕೆಲಸ.

ಆದರೆ ಒಂದು ಮಾತು. ದಿನಕ್ಕೆ ಆಗದಷ್ಟು ಟಾರ್ಗೆಟ್ ಕೊಟ್ಟು, ಆಗದಿದ್ದರೆ ಸಂಬಳ ಹಿಡಿಯುತ್ತೇವೆ ಅನ್ನುವ ಕಡೆ ಸುಳ್ಳು ಫಾರಂ ಹುಟ್ಟುತ್ತದೆ. ಆಗ ಬೈಸಿಕೊಳ್ಳುವವರು ಮಾತ್ರ ಫೀಲ್ಡಿನವರು. ಟಾರ್ಗೆಟ್ ಆಗುವುದಿಲ್ಲ ಅನ್ನಿಸಿದ ದಿನವೇ ಇಮೇಲ್‌ನಲ್ಲಿ ಬರೆದು ತಿಳಿಸಿ. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಇಂಗ್ಲಿಷ್ ಅಷ್ಟು ಚೆನ್ನಾಗಿ ಬರಲ್ಲ. ತೊಂದರೆಯಾ?

ಫೀಲ್ಡಿಗೆ ಇಲ್ಲ. ಬೀದರಿನ ಕನ್ನಡ, ಮಂಗಳೂರಿನ ಕನ್ನಡ, ಚಾಮರಾಜನಗರದ ಕನ್ನಡ ಮೂರೂ ಅರ್ಥವಾಗುವವರು ತಂಡಕ್ಕೆ ದೊಡ್ಡ ಬಲ. ಉರ್ದು, ತೆಲುಗು, ತುಳು ಬಂದರಂತೂ ಕೇಳುವುದೇ ಬೇಡ. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ, ಆದರೆ ನಿಮ್ಹಾನ್ಸ್ ಮೊದಲು ಪ್ರಯೋಗ ಮಾಡಿ ನೋಡಿದ್ದು ಕೋಲಾರ ಜಿಲ್ಲೆಯಲ್ಲಿ. ಕನ್ನಡ, ತೆಲುಗು ಎರಡೂ ಓಡಾಡುವ ಜಿಲ್ಲೆ ಅದು. ದೊಡ್ಡವರಲ್ಲಿ ನೂರಕ್ಕೆ 10.6 ಮಂದಿಗೆ ಸದ್ಯ ಯಾವುದೋ ಒಂದು ಮಾನಸಿಕ ತೊಂದರೆ ಇದೆ ಅಂತ ಆ ಸಮೀಕ್ಷೆ ಹೇಳಿತು.

ಮೇಲಿನ ಹುದ್ದೆಗೆ ಹೋಗಬೇಕೆಂದರೆ ಇಂಗ್ಲಿಷ್ ಬರವಣಿಗೆ ಬೇಕು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವಾರಕ್ಕೊಂದು ಪೇಪರ್ ಓದಿ, ಫೀಲ್ಡ್ ವರದಿಯನ್ನು ಇಂಗ್ಲಿಷಿನಲ್ಲೇ ಬರೆಯಿರಿ. ಬರುತ್ತದೆ.

ಯಾವ ಸಾಫ್ಟ್‌ವೇರ್ ಕಲಿಯಬೇಕು?

ಎಕ್ಸೆಲ್ ಚೆನ್ನಾಗಿ ಬರಲಿ. ಡೇಟಾ ಸಂಗ್ರಹಕ್ಕೆ ರೆಡ್‌ಕ್ಯಾಪ್, ಓಡಿಕೆ, ಕೋಬೋ ಟೂಲ್‌ಬಾಕ್ಸ್. ಲೆಕ್ಕಕ್ಕೆ ಆರ್ (R) ಕಲಿಯಿರಿ, ಪುಕ್ಕಟೆ. ಎಪಿ ಇನ್ಫೋ ಕೂಡ ಪುಕ್ಕಟೆ. ಎಸ್‌ಪಿಎಸ್‌ಎಸ್‌ಗೆ ದುಡ್ಡು ಕೊಡಬೇಕು, ಕದ್ದ ಪ್ರತಿಯನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬೇಡಿ.

ಪ್ರಾಜೆಕ್ಟ್ ಮುಗಿದ ಮೇಲೆ ಗತಿ ಏನು?

ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಆದೇಶದಲ್ಲೇ ಬರೆದಿರುತ್ತದೆ: ತಾತ್ಕಾಲಿಕ, ಪ್ರಾಜೆಕ್ಟ್ ಇರುವವರೆಗೆ ಮಾತ್ರ, ಕಾಯಂ ಮಾಡಿ ಅಂತ ಕೇಳುವ ಹಕ್ಕಿಲ್ಲ. ಹನ್ನೊಂದು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ. ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಹಾರುತ್ತಾ ಹತ್ತು ಹದಿನೈದು ವರ್ಷ ಒಂದೇ ಕ್ಯಾಂಪಸ್ಸಿನಲ್ಲಿ ಕಳೆದವರಿದ್ದಾರೆ. ಪ್ರತಿ ಸಲವೂ ಹೊಸ ಅರ್ಜಿ, ಹೊಸ ಸಂದರ್ಶನ. ಅದು ಒಂದು ಬದುಕು ಅನ್ನುವುದಾದರೆ ಬದುಕು.

ಸಂಬಳ ತಡವಾಗುವುದೂ ಉಂಟು. ಮೊದಲ ವರ್ಷದ ಖರ್ಚಿನ ಲೆಕ್ಕ ಕಳಿಸಿದ ಮೇಲೆಯೇ ಎರಡನೇ ವರ್ಷದ ದುಡ್ಡು ಬಿಡುಗಡೆ. ಲೆಕ್ಕ ಎಲ್ಲೋ ಒಂದು ಮೇಜಿನ ಮೇಲೆ ಕೂತರೆ ನಿಮ್ಮ ಮನೆ ಬಾಡಿಗೆಯೂ ಕೂರುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ದೀಪಾವಳಿಗೆ ಬರಬೇಕಾದ ಸಂಬಳ ಸಂಕ್ರಾಂತಿ ಕಳೆದ ಮೇಲೆ ಬಂತು. ಮೂರು ತಿಂಗಳ ಖರ್ಚಿನಷ್ಟು ಕೈಯಲ್ಲಿ ಇಟ್ಟುಕೊಂಡು ಈ ಕೆಲಸಕ್ಕೆ ಬನ್ನಿ ಅಂತ ಹೇಳುವುದು ಅದಕ್ಕೇ.

ಹೆರಿಗೆ ರಜೆ ಕೇಳಿ ಪಡೆಯಿರಿ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಅನ್ನುವುದು ಕಾನೂನು. ಗುತ್ತಿಗೆಯ ಅವಧಿ ಮುಗಿಯಿತು ಅಂತ ಈ ಸೌಲಭ್ಯವನ್ನು ನಿಲ್ಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಬಿಡುವಾಗ ಅನುಭವ ಪತ್ರ ಕೈಗೆ ಬರುವವರೆಗೂ ಆಫೀಸ್ ಬಿಟ್ಟು ಕದಲಬೇಡಿ. ಆಮೇಲೆ ಫೋನ್ ಎತ್ತುವವರಿರುವುದಿಲ್ಲ.

ಮುಂದೆ ಎಲ್ಲಿಗೆ ಅಂದರೆ, ರಾಜ್ಯದ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆ, ಸ್ವಯಂಸೇವಾ ಸಂಸ್ಥೆ, ಕ್ಲಿನಿಕಲ್ ಟ್ರಯಲ್ ಕಂಪನಿ, ಸಮೀಕ್ಷೆ ಏಜೆನ್ಸಿ, ಬೋಧನೆ, ಪಿಎಚ್‌ಡಿ. ದೊಡ್ಡ ಸಂಸ್ಥೆಯ ಹೆಸರು ಬಯೋಡೇಟಾದಲ್ಲಿ ಕೆಲಸ ಮಾಡುತ್ತದೆ.

ಪೇಪರಿನಲ್ಲಿ ನನ್ನ ಹೆಸರು ಬರುತ್ತಾ?

ಡೇಟಾ ತಂದುಕೊಟ್ಟಿದ್ದಕ್ಕೆ ಮಾತ್ರ ಬರುವುದಿಲ್ಲ. ಲೇಖಕರಾಗಲು ಅಂತರರಾಷ್ಟ್ರೀಯ ಪತ್ರಿಕೆಗಳು ಒಪ್ಪಿದ ನಾಲ್ಕು ಷರತ್ತಿದೆ: ಅಧ್ಯಯನದ ಯೋಜನೆಯಲ್ಲೋ ಡೇಟಾದಲ್ಲೋ ದೊಡ್ಡ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಹೊಣೆ ಹೊರುವುದು. ಮೊದಲನೆಯದು ಫೀಲ್ಡಿನವರಿಗೆ ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ ಯಾರೂ ಕರೆಯುವುದಿಲ್ಲ, ಹಾಗಾಗಿ ಉಳಿದವೂ ಇಲ್ಲ. "ಮೆಥಡ್ಸ್ ಭಾಗದ ಮೊದಲ ಕರಡು ನಾನು ಬರೀತೀನಿ ಸರ್" ಅಂತ ನೀವೇ ಕೇಳಬೇಕು. ಫೀಲ್ಡ್ ಹೇಗೆ ನಡೆಯಿತು ಅನ್ನುವುದು ನಿಮಗಿಂತ ಚೆನ್ನಾಗಿ ಅವರಿಗೂ ಗೊತ್ತಿರುವುದಿಲ್ಲ. ಕೃತಜ್ಞತೆಯ ಸಾಲಿನಲ್ಲಿ "ಫೀಲ್ಡ್ ತಂಡಕ್ಕೆ ಧನ್ಯವಾದ" ಅಂತ ಹೆಸರಿಲ್ಲದೆ ಮುಗಿಸುವ ಪದ್ಧತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಕೆಲಸ ಮಾಡುತ್ತಲೇ ಪಿಎಚ್‌ಡಿ ಮಾಡಬಹುದಾ?

ಮಾಡುವವರಿದ್ದಾರೆ, ಸುಲಭವಲ್ಲ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಥೀಸಿಸ್ ಕೊಡುವ ಮುಂಚೆ ಪೇಪರ್ ಪ್ರಕಟವಾಗಲೇಬೇಕು ಅನ್ನುವ ಕಡ್ಡಾಯ ಆ ನಿಯಮದಲ್ಲಿ ಹೋಯಿತು, ಆದರೆ ಸಂಸ್ಥೆಗಳು ತಮ್ಮದೇ ಷರತ್ತು ಹಾಕಬಹುದು. ಪ್ರಾಜೆಕ್ಟಿನ ಡೇಟಾವನ್ನೇ ಥೀಸಿಸ್‌ಗೆ ಬಳಸುವುದಾದರೆ ಗೈಡ್ ಮತ್ತು ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ನೋಡುವ ಸಮಿತಿ) ಎರಡರಿಂದಲೂ ಬರಹದಲ್ಲಿ ಒಪ್ಪಿಗೆ ತಗೊಳ್ಳಿ.

ವಿದೇಶಕ್ಕೆ ಹೋಗುವ ದಾರಿ?

ಲಂಡನ್ನಿನ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ 1899ರಿಂದ ಇದೆ, ಅಲ್ಲಿರುವುದೆಲ್ಲ ಸ್ನಾತಕೋತ್ತರ ಓದೇ. ದೂರಶಿಕ್ಷಣದ ಎಂಎಸ್ಸಿಯೂ ಇದೆ. ಫೀಲ್ಡ್ ಅನುಭವ ಇಲ್ಲದೆ ಬರುವವರ ನಡುವೆ ನಿಮ್ಮ ಅನುಭವಕ್ಕೆ ಬೆಲೆ ಇರುತ್ತದೆ, ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಿರಿ. ಸ್ಕಾಲರ್‌ಶಿಪ್ ಇಲ್ಲದೆ ಹೋಗುವುದಾದರೆ ಮನೆ ಅಡವಿಡುವ ಮುಂಚೆ ಯೋಚಿಸಿ.

ಜಾಹೀರಾತು ಎಲ್ಲಿ ಬರುತ್ತದೆ? ಮೊದಲ ದಿನ ಏನು ತಗೊಂಡು ಹೋಗಬೇಕು?

ಆಯಾ ಸಂಸ್ಥೆಯ ವೆಬ್‌ಸೈಟಿನ ನೇಮಕಾತಿ ಪುಟದಲ್ಲಿ. ಕೊನೆಯ ದಿನಾಂಕಕ್ಕೆ ಹತ್ತು ಹದಿನೈದು ದಿನ ಇರುವಾಗ ಹಾಕುತ್ತಾರೆ, ವಾರಕ್ಕೆರಡು ಸಲ ನೋಡುವ ಅಭ್ಯಾಸ ಮಾಡಿಕೊಳ್ಳಿ. ಯಾರಾದರೂ ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ಕೇಳಿದರೆ ಅದು ಮೋಸ.

ಫೀಲ್ಡಿನ ಮೊದಲ ದಿನಕ್ಕೆ ಗುರುತಿನ ಚೀಟಿ, ಪಂಚಾಯಿತಿ ಪತ್ರದ ನಾಲ್ಕೈದು ಜೆರಾಕ್ಸ್, ಪವರ್ ಬ್ಯಾಂಕ್, ಬಿಪಿ ಮಷಿನ್ನಿಗೆ ಹೆಚ್ಚುವರಿ ಸೆಲ್, ಸ್ಟಾಂಪ್ ಪ್ಯಾಡ್, ಹೆಬ್ಬೆಟ್ಟು ಒರೆಸಲು ಹಳೆ ಬಟ್ಟೆ, ಕೊಡೆ, ನೀರು. ಚಪ್ಪಲಿ ಸುಲಭವಾಗಿ ಬಿಚ್ಚಿ ಹಾಕುವಂಥದ್ದಿರಲಿ, ಪ್ರತಿ ಮನೆ ಬಾಗಿಲಲ್ಲೂ ಬಿಡಬೇಕು.